ಈಡಿನ ಸದ್ದು ಕೇಳಿದ ಮೇಲೆ

ಈ ಜನವರಿಯಲ್ಲಿ ಜಿಂಕೆ ಸಿಗಲಿಲ್ಲ. ಶುಗರ್ ಲ್ಯಾಂಡ್‌ನಿಂದ ನೀವಿಬ್ಬರೂ ಫೋನ್ ಮಾಡಿ, "ಅಜ್ಜಿ, ಡೀರ್ ಸಿಕ್ತಾ?" ಅಂತ ಕೇಳಿದಿರಿ. ಇಲ್ಲ ಅಂದೆ. ನೀವು ಅಯ್ಯೋ ಅಂದಿರಿ, ಆಮೇಲೆ ಬೇರೆ ಮಾತಿಗೆ ಹೋದಿರಿ. ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಎದುರಿಗೆ ಕೂತರೂ ಅಷ್ಟೇ. ಬರೆಯಲು ಕೂತರೆ ಸ್ವಲ್ಪ ಬರುತ್ತದೆ; ನಮ್ಮೂರ ಶಾಲೆಯ ಮೇಷ್ಟ್ರು ಅಷ್ಟನ್ನು ಕಲಿಸಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ನಿಮ್ಮಪ್ಪನ ಕೈಲಿ ಓದಿಸಿಕೊಳ್ಳಿ.

ನಿಮ್ಮ ಅತ್ತೆಯ ಯಜಮಾನರು, ಎಂದರೆ ನನ್ನ ಅಳಿಯಂದಿರು, ಟೆಕ್ಸಾಸಿನವರೇ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ನಾನು ಅವರ ಎದುರು ನಿಂತು ಮಾತಾಡಿದ್ದು ಕಡಿಮೆ. ನಮ್ಮ ಕಡೆ ಹಳೆಯ ಕಾಲದಲ್ಲಿ ಅತ್ತೆಯಾದವಳು ಬಾಗಿಲ ಮರೆಯಲ್ಲಿ ನಿಂತು, ಬೇರೆ ಯಾರಿಗೋ ಹೇಳುವ ಹಾಗೆ "ಊಟಕ್ಕೆ ಏಳಬೇಕಂತೆ" ಅನ್ನುತ್ತಿದ್ದಳು. ಟೇಲರ್ ಊರಿನಲ್ಲಿ ನಾನಿರುವ ಈ ಮಗಳ ಮನೆಯಲ್ಲಿ ಮರೆಗೆ ಬಾಗಿಲೇ ಇಲ್ಲ. ಅಡುಗೆಮನೆ, ಹಾಲ್ ಎಲ್ಲ ಒಂದೇ. ಹಾಗಾಗಿ ನಾನು ಫ್ರಿಜ್ಜಿನ ಕಡೆ ಮುಖ ಮಾಡಿಕೊಂಡು ಹೇಳುತ್ತೇನೆ. ಅವರೂ ಫ್ರಿಜ್ಜಿಗೇ "ಬಂದೆ ಅತ್ತೆ" ಅನ್ನುತ್ತಾರೆ. ಅವರ ಕನ್ನಡ ಹೆಚ್ಚುಕಡಿಮೆ ಅಷ್ಟೇ: ಬಂದೆ, ಸಾಕು, ಊಟ ಆಯ್ತಾ. ಊಟ ಆಯ್ತಾ ಎಂದು ಬೆಳಿಗ್ಗೆ ನಾನು ಹಲ್ಲುಜ್ಜಿ ಬರುವ ಹೊತ್ತಿಗೂ ಕೇಳುತ್ತಾರೆ. ಇಂಗ್ಲಿಷು ನನಗೆ ಕೇಳಿದರೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಆದ್ದರಿಂದ ಅವರು ಇಂಗ್ಲಿಷಿನಲ್ಲಿ ಆಡಿದ ಮಾತನ್ನೂ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಅವರ ತಾಯಿ, ನನ್ನ ಬೀಗಿತ್ತಿ, ಟೇಲರ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದೂರದಲ್ಲಿ, ಹುಲ್ಲುಗಾವಲು ಮತ್ತು ಓಕ್ ಮರಗಳ ನಡುವೆ ಇದ್ದಾರೆ. ನನಗಿಂತ ದೊಡ್ಡವರು, ಅದಕ್ಕೆ ನಾನು ಅಕ್ಕ ಅನ್ನುತ್ತೇನೆ. ಅವರು ನನ್ನನ್ನು ಇಂಗ್ಲಿಷಿನಲ್ಲಿ ಹನಿ, ಎಂದರೆ ಜೇನು, ಅನ್ನುತ್ತಾರೆ. ಅವರ ಯಜಮಾನರು ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಈ ಜನವರಿಯ ಬೇಟೆ, ಆ ಮನೆಯಲ್ಲಿ ಅವರಿಲ್ಲದ ಮೊದಲನೆಯ ಬೇಟೆ.

ಅವರು ಬಿಟ್ಟುಹೋದ ಕೋವಿ ನೋಡಿದಾಗ ನನಗೆ ನಮ್ಮಪ್ಪನ ಕೋವಿಯನ್ನೇ ಕಂಡ ಹಾಗಾಯಿತು. ನಮ್ಮ ಕಡೆ ಅದಕ್ಕೆ ಕೇಪಿನ ಕೋವಿ ಅನ್ನುತ್ತಾರೆ. ನಳಿಗೆಯ ಬಾಯಿಂದ ಮದ್ದು ಸುರಿದು, ಬಟ್ಟೆಯ ಚೂರಿನಲ್ಲಿ ಸುತ್ತಿದ ಗುಂಡು ಇಟ್ಟು, ಉದ್ದನೆಯ ಕಡ್ಡಿಯಿಂದ ತಳದವರೆಗೆ ನೂಕಿ ಜಡಿಯಬೇಕು. ಹಿಂದುಗಡೆ ಸಣ್ಣದೊಂದು ತಾಮ್ರದ ಟೋಪಿ ಇಡುತ್ತಾರೆ, ಅದೇ ಕೇಪು. ಕೋವಿಯ ಕುದುರೆ ಎಳೆದಾಗ ಸುತ್ತಿಗೆಯಂಥ ತುಂಡು ಕೇಪಿಗೆ ಬಡಿದು ಕಿಡಿ ಹತ್ತಿ ಒಳಗಿನ ಮದ್ದು ಹಾರುತ್ತದೆ. ಒಂದು ಸಲ ಹೊಡೆದರೆ ಮುಗಿಯಿತು. ಮತ್ತೆ ಮೊದಲಿನಿಂದ ಎಲ್ಲ ಮಾಡಬೇಕು, ಅಷ್ಟು ಹೊತ್ತು ಯಾವ ಪ್ರಾಣಿಯೂ ನಿಂತಿರುವುದಿಲ್ಲ. ಈಗಿನ ಬಂದೂಕುಗಳ ಬೇಟೆ ಮುಗಿದ ಮೇಲೆ ಜನವರಿಯಲ್ಲಿ ಎರಡು ವಾರ ಇಂಥ ಕೋವಿಯವರಿಗೆಂದೇ ಇಲ್ಲಿಯ ಸರ್ಕಾರ ಬಿಟ್ಟಿರುತ್ತದೆ.

ನಮ್ಮಪ್ಪ ಬೇಟೆಗಾರರೇನಲ್ಲ. ಹೆಗ್ಗಡದೇವನಕೋಟೆ ಕಡೆ ನಮ್ಮ ಹೊಲ ಕಾಡಿನ ಅಂಚಿನಲ್ಲಿತ್ತು. ರಾಗಿ ತೆನೆಗಟ್ಟಿದರೆ ಹಂದಿ ನುಗ್ಗುತ್ತಿದ್ದವು. ಹೊಲದ ಮಧ್ಯೆ ಅಟ್ಟಣೆ ಕಟ್ಟಿ ಅಪ್ಪ ಕೋವಿ ಇಟ್ಟುಕೊಂಡು ಕಾಯುತ್ತಿದ್ದರು. ಬೆಳಗಿನ ಜಾವ ಮನೆಯಲ್ಲಿ ಮಲಗಿದ್ದವರಿಗೆ ಢಮ್ ಎಂದು ಕೇಳಿಸುತ್ತಿತ್ತು. ಈಡು ಬಿತ್ತು ಅನ್ನುತ್ತಿದ್ದಳು ನಮ್ಮವ್ವ. ಎದ್ದು ಒಲೆ ಹಚ್ಚಿ, ಧನಿಯ, ಮೆಣಸಿನಕಾಯಿ ಹುರಿದು ಒರಳಿನ ಮುಂದೆ ಕೂರುತ್ತಿದ್ದಳು. ಆ ಸದ್ದಿಗೆ ಮುಂಚೆ ಬಾಡಿನ ಮಸಾಲೆಗೆ ಕೈ ಹಾಕುವಂತಿಲ್ಲ. ಹಾಕಿದರೆ ಗುಂಡು ತಪ್ಪುತ್ತದೆ ಎಂದು ಅವಳ ನಂಬಿಕೆ. ಸದ್ದು ಕೇಳಿದ ಮೇಲೆ ತಡ ಮಾಡುವಂತೆಯೂ ಇಲ್ಲ. ಅಪ್ಪ ಹೊಲದಿಂದ ಬರುವಷ್ಟರಲ್ಲಿ ಮಸಾಲೆ ನುಣ್ಣಗಾಗಿರಬೇಕು.

ಅಕ್ಕನ ಮನೆಗೂ ಅವರದೇ ಒಂದು ಪದ್ಧತಿ ಇದೆ. ನಿಮ್ಮ ಅತ್ತೆಗೆ ಕೆಲಸದಿಂದ ಬಿಡುವು ಸಿಗದೆ ನಾವಿಬ್ಬರೇ ಹೊರಟಿದ್ದೆವು, ಅಳಿಯಂದಿರು ಕಾರಿನಲ್ಲಿ ಹೋಗುತ್ತಾ ಹೇಳಿದರು. ಹೋದ ವರ್ಷದ ಜಿಂಕೆಯ ಮಾಂಸದಲ್ಲಿ ಒಂದು ಪೊಟ್ಟಣವನ್ನು ಫ್ರೀಜರಿನಲ್ಲಿ ಉಳಿಸಿಕೊಂಡಿರುತ್ತಾರೆ. ಈ ವರ್ಷದ ಜಿಂಕೆ ಮನೆಗೆ ಬಂದ ದಿನ ಅದನ್ನು ತೆಗೆದು ಬೇಯಿಸಿ ಎಲ್ಲರೂ ಕೂತು ತಿನ್ನುತ್ತಾರೆ. ಹೊಸದು ಬರದೆ ಹಳೆಯದನ್ನು ಮುಗಿಸುವುದಿಲ್ಲ.

"ಈ ಸಲ ಇರೋ ಪೊಟ್ಟಣ ಅಪ್ಪ ಹೊಡೆದ ಕೊನೇ ಜಿಂಕೆದು," ಅಂದರು. "ಅಮ್ಮ ಅದನ್ನ ದಿನಾ ಹೋಗಿ ನೋಡ್ತಾಳೆ. ನಾನು ಒಂದು ಜಿಂಕೆ ತಂದರೆ ಅವಳು ಅದನ್ನ ತೆಗೀತಾಳೆ. ತರದಿದ್ರೆ ಇನ್ನೊಂದು ವರ್ಷ ಹಾಗೇ ಫ್ರೀಜರ್ ಬಾಗಿಲು ತೆಗೆದು ನಿಂತಿರ್ತಾಳೆ."

ನಾನು ಕಿಟಕಿಯ ಕಡೆ ತಿರುಗಿ "ಸಿಗತ್ತೆ" ಅಂದೆ. ಕಿಟಕಿಗೆ ಹೇಳಿದ್ದು ಅವರಿಗೆ ಕೇಳಿಸಿತು.

ಆ ಪೊಟ್ಟಣವನ್ನು ಅಕ್ಕನೇ ನನಗೆ ತೋರಿಸಿದರು. ಫ್ರೀಜರು ಕಾರು ನಿಲ್ಲಿಸುವ ಕೋಣೆಯಲ್ಲಿದೆ. ಬಿಳಿ ಕಾಗದದಲ್ಲಿ ಸುತ್ತಿ ಟೇಪು ಅಂಟಿಸಿದ್ದ, ಅಂಗೈ ಎರಡು ಸೇರಿಸಿದಷ್ಟು ಅಗಲದ ಪೊಟ್ಟಣ. ಮೇಲೆ ಕಪ್ಪು ಶಾಯಿಯಲ್ಲಿ ವರ್ಷ, ಮತ್ತೆ ಬೆನ್ನಿನ ಮಾಂಸ ಎಂದು ಅವರ ಯಜಮಾನರೇ ಬರೆದದ್ದು. ಅಕ್ಷರ ದಪ್ಪ ದಪ್ಪ, ಸ್ವಲ್ಪ ಬಲಕ್ಕೆ ವಾಲಿಕೊಂಡಿದ್ದವು. ಅದರ ಮೇಲೆ ಕೂತಿದ್ದ ಮಂಜನ್ನು ಅಕ್ಕ ಹೆಬ್ಬೆರಳಿನಿಂದ ಒರೆಸಿದರು. ಆ ಜಾಗದ ಕಾಗದ ಮಾತ್ರ ಸವೆದು ನಯವಾಗಿತ್ತು. ದಿನವೂ ಒರೆಸುತ್ತಾರೆ ಎಂದು ನನಗೆ ಗೊತ್ತಾಯಿತು.

ನಿಮ್ಮ ತಾತ ಹೋದ ಮೇಲೆ ಅವರ ಕ್ಷೌರದ ಸೋಪಿನ ಬಟ್ಟಲು ಬಚ್ಚಲಮನೆಯ ಗೂಡಿನಲ್ಲಿ ಹಾಗೇ ಇತ್ತು. ಕೊನೆಯ ದಿನ ಬ್ರಶ್ಶು ಆಡಿಸಿದ ಸುಳಿ ಸೋಪಿನ ಮೇಲೆ ಒಣಗಿ ನಿಂತಿತ್ತು. ಮನೆಗೆ ಬಂದ ನೆಂಟರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಬಚ್ಚಲು ತೊಳೆದು, ಆ ಬಟ್ಟಲನ್ನೂ ಉಜ್ಜಿ ಬೋರಲು ಹಾಕಿದರು. ನಾನು ಅವರಿಗೆ ಕಾಫಿ ಮಾಡಿ ಕೊಟ್ಟೆ. ಈ ಮಾತನ್ನು ಅಕ್ಕನಿಗೆ ಹೇಳಬೇಕೆನಿಸಿತು, ಹೇಳುವಷ್ಟು ಇಂಗ್ಲಿಷು ಇರಲಿಲ್ಲ. "ಗುಡ್ ರೈಟಿಂಗ್" ಅಂದೆ. ಅಕ್ಕ ನಕ್ಕು, "ಇಲ್ಲ ಹನಿ, ತುಂಬ ಕೆಟ್ಟ ಅಕ್ಷರ. ಪೋಸ್ಟ್ ಆಫೀಸಿನವರು ಬೈತಿದ್ರು," ಅಂದರು.

ಮೊದಲ ಶನಿವಾರ ಅಳಿಯಂದಿರು ಕತ್ತಲಿರುವಾಗಲೇ ಎದ್ದು ಹೋದರು. ಹೊಲದಂಚಿನಲ್ಲಿ ಕಂಬಗಳ ಮೇಲೆ ಮರದ ಪೆಟ್ಟಿಗೆಯಂಥ ಒಂದು ಗೂಡಿದೆ, ಸಣ್ಣ ಕಿಟಕಿಗಳಿರುವ ಅಟ್ಟಣೆ. ಬೆಳಿಗ್ಗೆ ಅಲ್ಲಿ ಕೂತರು, ಮತ್ತೆ ಸಂಜೆ ಕೂತರು. ಹೆಣ್ಣು ಜಿಂಕೆಗಳು ದೂರದಲ್ಲಿ ದಾಟಿ ಹೋದವಂತೆ, ಈ ಕೋವಿಯ ಅಳತೆಗೆ ಬರಲಿಲ್ಲವಂತೆ. ಸಂಜೆ ತಣ್ಣಗಾಗಿ ಬಂದು, ಕೇಪು ತೆಗೆದಿಟ್ಟು, ಕೋವಿ ಹಿಡಿದುಕೊಂಡೇ ನನ್ನನ್ನು ಕೇಳಿದರು.

"ಅತ್ತೆ, ನಿಮ್ಮಪ್ಪ ಕೋವಿ ಎಲ್ಲಿ ಇಡ್ತಿದ್ರು?"

ಇಷ್ಟು ವರ್ಷದಲ್ಲಿ ನನ್ನ ತವರಿನ ಬಗ್ಗೆ ಅವರು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. ನನಗೆ ನಾಚಿಕೆಯ ಜೊತೆಗೆ ಸಂತೋಷವೂ ಆಯಿತು. ಒಲೆಯ ಮೇಲ್ಗಡೆ ಗೋಡೆಗೆ ಎರಡು ಗೂಟ ಇದ್ದವು, ಅದರ ಮೇಲೆ, ಎಂದು ಕೈ ಮಾಡಿ ತೋರಿಸಿದೆ. ಬೆಚ್ಚಗಿದ್ದರೆ ಮದ್ದು ತೇವ ಎಳೆಯುವುದಿಲ್ಲ. "ಫಯರ್, ಅಪ್, ಡ್ರೈ," ಅಂದೆ. ಅವರು ಬಹಳ ಗೌರವದಿಂದ ತಲೆಯಾಡಿಸಿ, ಅಕ್ಕನ ಮನೆಯ ಬೆಂಕಿಗೂಡಿನ ಮೇಲೆ ಗೋಡೆಯಲ್ಲಿದ್ದ ಕೊಕ್ಕೆಗಳಿಗೆ ಕೋವಿಯನ್ನು ಅಡ್ಡ ಮಲಗಿಸಿದರು. ಆ ಕೊಕ್ಕೆಗಳಲ್ಲಿ ಮುಂಚೆ ಒಂದು ಒಣಗಿದ ಹೂವಿನ ಮಾಲೆ ತೂಗುತ್ತಿತ್ತು.

ಮರುದಿನ ಬೆಳಿಗ್ಗೆ ಹೊರಗೆ ಹುಲ್ಲೆಲ್ಲ ಬೆಳ್ಳಗೆ ಮಂಜುಗಟ್ಟಿತ್ತು. ಅವರು ಹೋದ ಮೇಲೆ ನಾನೂ ಅಕ್ಕನೂ ಕಾಫಿ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದೆವು. ನನ್ನ ಚೀಲದಲ್ಲಿ ಮಸಾಲೆ ಸಾಮಾನಿನ ಸ್ಟೀಲ್ ಡಬ್ಬಿ ಇತ್ತು. ಅದರ ಮುಚ್ಚಳ ತೆಗೆಯಲಿಲ್ಲ. ಈಡು ಕೇಳಲಿಲ್ಲ. ಬಿಸಿಲೇರಿದ ಮೇಲೆ ಅಳಿಯಂದಿರು ವಾಪಸ್ಸು ಬಂದು, ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತರು. ಮುಖ ನೋಡಿದರೆ ನಗುವ ಹಾಗೂ ಇತ್ತು, ಅಳುವ ಹಾಗೂ ಇತ್ತು.

ದೊಡ್ಡ ಕೊಂಬಿನ ಗಂಡು ಜಿಂಕೆ ಅಟ್ಟಣೆಯ ಹತ್ತಿರಕ್ಕೇ ಬಂದಿತ್ತಂತೆ. ಪಕ್ಕಕ್ಕೆ ತಿರುಗಿ ನಿಂತಿತ್ತಂತೆ. ಕುದುರೆ ಎಳೆದರೆ ಟಕ್ ಎಂದು ಕೇಪು ಮಾತ್ರ ಹೊಡೆಯಿತು, ಮದ್ದು ಹತ್ತಲಿಲ್ಲ. ಇನ್ನೊಂದು ಕೇಪು ಇಟ್ಟರು, ಮತ್ತೆ ಟಕ್. ಜಿಂಕೆ ತಲೆಯೆತ್ತಿ ಅವರನ್ನೇ ಒಂದು ಸಲ ನೋಡಿ, ಅವಸರವಿಲ್ಲದೆ ಮರಗಳ ಕಡೆ ನಡೆದು ಹೋಯಿತಂತೆ.

"ಚಳಿಯಲ್ಲಿದ್ದ ಕಬ್ಬಿಣ ಬೆಚ್ಚಗಿನ ಮನೆಯೊಳಗೆ ಬಂದ್ರೆ ಬೆವರತ್ತೆ," ಅಂದರು. "ಕನ್ನಡಕ ಬೆವರೋ ಹಾಗೆ. ಮದ್ದು ಒದ್ದೆ ಆಗೋಯ್ತು. ಅಪ್ಪ ಯಾವಾಗ್ಲೂ ಹೊರಗಡೆ ಜಗುಲಿ ಮೇಲೇ ಇಡ್ತಿದ್ರು. ಯಾಕೆ ಅಂತ ನಾನು ಕೇಳೇ ಇರಲಿಲ್ಲ."

ನಮ್ಮೂರಿನಲ್ಲಿ ಮನೆಯ ಒಳಗಿನ ಹವೆಗೂ ಹೊರಗಿನ ಹವೆಗೂ ಅಂಥ ವ್ಯತ್ಯಾಸ ಇರುವುದಿಲ್ಲ. ಹೆಂಚಿನ ಸಂದಿಯಲ್ಲಿ ಎರಡೂ ಒಂದೇ ಆಗಿರುತ್ತವೆ. ಇಲ್ಲಿ ಗೋಡೆಯ ಈಚೆ ಒಂದು ಕಾಲ, ಆಚೆ ಒಂದು ಕಾಲ. ಇದು ನನಗೆ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಅಳಿಯಂದಿರು ಬಂದು ಎದುರಿನ ಕುರ್ಚಿಯಲ್ಲಿ ಕೂತು, "ಅತ್ತೆ, ಊಟ ಆಯ್ತಾ?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೆ ಅದರ ಅರ್ಥ ಗೊತ್ತಿಲ್ಲದಿದ್ದರೂ ಅವರೂ ನಕ್ಕರು.

ಆಮೇಲೆ ಅವರು ಒದ್ದೆ ಮದ್ದು ತೆಗೆದು, ನಳಿಗೆಯನ್ನು ಬಿಸಿನೀರಲ್ಲಿ ತೊಳೆದು, ಒಣಗಿಸಿ, ಹೊಸದಾಗಿ ತುಂಬಿದರು. ಕೋವಿ ಜಗುಲಿಗೆ ಹೋಯಿತು. ಒಣಹೂವಿನ ಮಾಲೆ ಬೆಂಕಿಗೂಡಿನ ಮೇಲಕ್ಕೆ ಬಂತು.

ಕೊನೆಯ ಶನಿವಾರ, ಭಾನುವಾರಕ್ಕೆ ರಿಚರ್ಡ್‌ಸನ್‌ನಿಂದ ಅಳಿಯಂದಿರ ಮಗಳು, ನನ್ನ ದೊಡ್ಡ ಮೊಮ್ಮಗಳೂ ಬಂದಳು. ಅಪ್ಪನಿಗೆ ಧೈರ್ಯ ಹೇಳಲು ಬಂದೆ ಅಂದಳು. ಬಂದವಳು ಲ್ಯಾಪ್‌ಟಾಪ್ ತೆಗೆದು ಅದರಲ್ಲೇ ಮುಳುಗಿದಳು. ಶನಿವಾರ ಗಾಳಿ ಬೀಸಿ ಒಂದು ಜಿಂಕೆಯೂ ಹೊರಗೆ ಬರಲಿಲ್ಲ. ಭಾನುವಾರ ಬೆಳಿಗ್ಗೆ ಕೆಲವು ಕಾಡುಹಂದಿ ಬಂದು ಅಟ್ಟಣೆಯ ಕೆಳಗೇ ನೆಲ ಅಗೆದು ಹೋದವು. ಜಿಂಕೆ ಬೆದರುತ್ತದೆಂದು ಅಳಿಯಂದಿರು ಅವಕ್ಕೆ ಹೊಡೆಯಲಿಲ್ಲ. ನಮ್ಮಪ್ಪನಾಗಿದ್ದರೆ ಬಿಡುತ್ತಿರಲಿಲ್ಲ ಎಂದು ದೊಡ್ಡವಳ ಹತ್ತಿರ ಹೇಳಿದೆ.

"ಅಜ್ಜಿ, ಡ್ಯಾಡ್‌ಗೆ ಹೇಳಬೇಡಿ, ಆಲ್ರೆಡಿ ಸ್ಯಾಡ್ ಆಗಿದಾರೆ," ಅಂದಳು ಅವಳು.

ಮಧ್ಯಾಹ್ನ ಅವರು ಮತ್ತೆ ಹೊರಟಾಗ ಅಕ್ಕ ಜಗುಲಿಯವರೆಗೆ ಹೋಗಿ ಮಗನ ಕಾಲರು ಸರಿ ಮಾಡಿದರು. "ಸಿಗದಿದ್ರೆ ಸಿಗದಿರಲಿ. ಚಳಿಗೆ ಕಿವಿ ಮುಚ್ಚಿಕೋ," ಅಂದರು. ಅಳಿಯಂದಿರು ಕೋವಿ ಹೆಗಲಿಗೇರಿಸಿಕೊಂಡು ಹೋದರು.

ಸಂಜೆಯಾಯಿತು. ಓಕ್ ಮರಗಳ ಹಿಂದೆ ಬಿಸಿಲು ಇಳಿಯಿತು. ದೊಡ್ಡವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಳಕೋಣೆಯಲ್ಲಿದ್ದಳು. ನಾನು ಬೀನ್ಸ್ ಬಿಡಿಸುತ್ತಿದ್ದೆ, ಅಕ್ಕ ಆಲೂಗೆಡ್ಡೆ ಹೆರೆಯುತ್ತಿದ್ದರು. ಇಬ್ಬರ ಕಿವಿಯೂ ಹೊರಗಿತ್ತು. ಹೊರಗೆ ಇನ್ನೇನು ಕತ್ತಲಾಗಬೇಕು, ಆಗ ಢಮ್ ಎಂದು ಕೇಳಿಸಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. ಈಗಿನ ಬಂದೂಕಿನ ಚುರುಕಾದ ಸದ್ದಲ್ಲ ಅದು. ದಪ್ಪ ಸದ್ದು, ಬಹಳ ಹೊತ್ತು ಗುಡುಗುಡಿಸುವ ಸದ್ದು. ಐವತ್ತು ವರ್ಷಕ್ಕಿಂತ ಹೆಚ್ಚಾಯಿತು ನಾನು ಅದನ್ನು ಕೇಳಿ.

ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ. "ಈಡು ಬಿತ್ತು ಅಕ್ಕ," ಅಂದೆ ಕನ್ನಡದಲ್ಲೇ. ಚೀಲದಿಂದ ಡಬ್ಬಿ ತೆಗೆದೆ. ಬಾಣಲೆಗೆ ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ ಹಾಕಿ ಹುರಿದೆ. ಅಕ್ಕನ ಮನೆಯಲ್ಲಿ ಮೂರು ಕಾಲಿನ ಒಂದು ಕಲ್ಲಿನ ಒರಳಿದೆ, ಟೊಮೇಟೊ ಚಟ್ನಿ ಕುಟ್ಟಲು ಇಟ್ಟುಕೊಂಡದ್ದು. ಅದನ್ನು ಮುಂದಕ್ಕೆ ಎಳೆದುಕೊಂಡು, ಬೆಳ್ಳುಳ್ಳಿ, ಶುಂಠಿ ಸೇರಿಸಿ ಅರೆಯತೊಡಗಿದೆ. ಇಷ್ಟೆಲ್ಲ ವರ್ಷ ಆ ಮನೆಗೆ ಹೋಗಿ ಬಂದಿದ್ದೇನೆ, ಕೇಳದೆ ಒಂದು ಚಮಚವನ್ನೂ ಮುಟ್ಟಿದವಳಲ್ಲ. ಆವತ್ತು ಯಾರನ್ನೂ ಕೇಳಲಿಲ್ಲ.

ಅಕ್ಕ ಆಲೂಗೆಡ್ಡೆ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡುತ್ತಾ ನಿಂತಿದ್ದರು. ಒಂದು ಸಲ ಕಿಟಕಿಯ ಕಡೆ ನೋಡಿದರು. ಏನೋ ಹೇಳಲು ಹೊರಟ ಹಾಗಿತ್ತು, ಹೇಳಲಿಲ್ಲ. ಆಲೂಗೆಡ್ಡೆ ಕೆಳಗಿಟ್ಟು, ಕೈ ಒರೆಸಿಕೊಂಡು, ಕಾರಿನ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ಬಿಳಿ ಪೊಟ್ಟಣ ಇತ್ತು. ಕತ್ತರಿಯಿಂದ ಟೇಪನ್ನು ನಿಧಾನವಾಗಿ ಕತ್ತರಿಸಿದರು. ಕಾಗದ ಬಿಡಿಸಿ, ಒಳಗಿನ ಪ್ಲಾಸ್ಟಿಕ್ ಹಾಳೆಯ ಸಮೇತ ಮಾಂಸವನ್ನು ತಣ್ಣೀರಿನ ಪಾತ್ರೆಗೆ ಇಳಿಸಿದರು. ಬರಹವಿದ್ದ ಕಾಗದವನ್ನು ಮಡಿಸದೆ ಕಿಟಕಿಯ ಹತ್ತಿರ ಬಿಡಿಸಿಟ್ಟರು.

ಅಷ್ಟರಲ್ಲಿ ಮಸಾಲೆಯ ಘಾಟಿಗೆ ಕೆಮ್ಮುತ್ತಾ ದೊಡ್ಡವಳು ಹೊರಗೆ ಬಂದಳು.

"ಅಜ್ಜಿ, ಏನಾಯ್ತು? ಯಾಕೆ ಈಗ ಮಸಾಲಾ ಮಾಡ್ತಿದೀರಾ?"

"ನಿಮ್ಮಪ್ಪ ಹೊಡೆದರು ಕಣೆ. ಕೇಳಲಿಲ್ವಾ?"

ಅವಳು ಅಜ್ಜಿಯರಿಬ್ಬರನ್ನೂ ನೋಡಿದಳು, ನೀರಿನಲ್ಲಿದ್ದ ಮಾಂಸವನ್ನು ನೋಡಿದಳು. ಮೆಲ್ಲಗೆ ಅಂದಳು: "ಅಜ್ಜಿ, ಇವತ್ತು ಲಾಸ್ಟ್ ಡೇ ಅಲ್ವಾ? ಸೀಸನ್ ಮುಗೀತು. ಲೋಡ್ ಆಗಿರೋ ಗನ್ ಹಾಗೇ ಇಡಬಾರದು ಅಂತ ಡ್ಯಾಡ್ ಮಣ್ಣಿನ ದಿಬ್ಬಕ್ಕೆ ಹೊಡೆದು ಖಾಲಿ ಮಾಡ್ತಾರೆ. ಬೆಳಿಗ್ಗೇನೇ ಹೇಳಿದ್ರು."

ನನ್ನ ಕೈ ಒರಳಿನಲ್ಲೇ ನಿಂತಿತು. ನಮ್ಮಪ್ಪನ ಕೋವಿಗೆ ಕೊನೆಯ ದಿನ ಎಂಬುದಿರಲಿಲ್ಲ. ಹೊಲ ಇರುವ ತನಕ ಕಾವಲು, ಕಾವಲು ಇರುವ ತನಕ ಕೋವಿ ತುಂಬಿಯೇ ಇರುತ್ತಿತ್ತು. ಹಾರಿತು ಅಂದರೆ ಯಾವುದಕ್ಕೋ ಹಾರಿತು ಎಂದೇ ಅರ್ಥ. ಸುಮ್ಮನೆ ಮಣ್ಣಿಗೆ ಹೊಡೆಯುವವರನ್ನು ನಾನು ಕಂಡಿರಲಿಲ್ಲ. ನೀರಿನ ಪಾತ್ರೆಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಆ ಸೋಪಿನ ಬಟ್ಟಲು ಕಣ್ಣ ಮುಂದೆ ಬಂತು. ಈಗ ಅದನ್ನು ತೊಳೆದವಳು ನಾನು.

ಹೊರಗೆ ಬೂಟಿನ ಸದ್ದಾಯಿತು. ಅಳಿಯಂದಿರು ಒಳಗೆ ಬಂದು, "ಅಮ್ಮ, ಸಾರಿ. ಆಗಲಿಲ್ಲ," ಎನ್ನುತ್ತಿದ್ದವರು ಮೂಗೆಳೆದು ನಿಂತರು. ಪಾತ್ರೆ ನೋಡಿದರು, ಕಿಟಕಿಯ ಹತ್ತಿರದ ಕಾಗದ ನೋಡಿದರು. ಅವರ ಮುಖದ ಬಣ್ಣವೇ ಹೋಯಿತು.

ನಾನು ಅವತ್ತು ಫ್ರಿಜ್ಜಿನ ಕಡೆ ತಿರುಗಲಿಲ್ಲ. ಅವರ ಮುಖ ನೋಡಿಕೊಂಡೇ ಹೇಳಿದೆ: "ನಿಮ್ಮ ಸದ್ದು ಕೇಳಿ ನಾನು ಅರೆಯೋಕೆ ಕೂತೆ. ನಿಮ್ಮಮ್ಮ ನನ್ನನ್ನ ನೋಡಿ ಅದನ್ನ ತೆಗೆದರು. ತಪ್ಪು ನಂದು." ದೊಡ್ಡವಳು ಅದನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದಳು.

ಅಕ್ಕ ಕೈಯೆತ್ತಿ ಅವಳನ್ನು ತಡೆದರು. "ನನಗೆ ಗೊತ್ತಿತ್ತು," ಅಂದರು.

ಆಮೇಲೆ ಮಗನ ಮುಖ ನೋಡಿದರು.

"ಐವತ್ತು ವರ್ಷ ಈ ಮನೆಯಲ್ಲಿದ್ದೇನೆ. ಕೋವಿ ಖಾಲಿ ಮಾಡೋ ಹೊತ್ತು ಯಾವುದು ಅಂತ ನನಗೆ ಗೊತ್ತಿಲ್ಲವಾ? ನಿಮ್ಮಪ್ಪನೂ ಎಷ್ಟೋ ವರ್ಷ ಬರಿಗೈಲಿ ಬಂದು ಆ ದಿಬ್ಬಕ್ಕೇ ಹೊಡೆದಿದ್ದಾರೆ. ಆ ವರ್ಷಗಳಲ್ಲಿ ಪೊಟ್ಟಣ ಹಾಗೇ ಉಳೀತಿತ್ತು, ಬೇಸಿಗೆಯಲ್ಲಿ ನಾಯಿಗೆ ಹಾಕ್ತಿದ್ದೆವು." ಅವರು ನನ್ನ ಕಡೆ ತಿರುಗಿದರು. "ಹೇಳಬೇಕು ಅಂದ್ಕೊಂಡೆ, ಹನಿ. ನೀನು ಅಷ್ಟು ಖುಷಿಯಾಗಿ ಎದ್ದೆ. ಈ ಅಡುಗೆಮನೆಯಲ್ಲಿ ಯಾರಾದರೂ ಹಾಗೆ ಎದ್ದು ತುಂಬ ದಿನ ಆಗಿತ್ತು. ನಾಯಿಗೆ ಹಾಕೋದಕ್ಕೆ ನನಗಿಷ್ಟ ಇರಲಿಲ್ಲ."

ಅಳಿಯಂದಿರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ದೊಡ್ಡವಳು ಹೋಗಿ ಅಪ್ಪನ ಜಾಕೆಟಿಗೆ ಅಂಟಿದ್ದ ಒಣಹುಲ್ಲು ಕೀಳುತ್ತಾ, "ಡ್ಯಾಡ್, ದಿಬ್ಬಕ್ಕಾದರೂ ಸರಿಯಾಗಿ ಬಿತ್ತಾ?" ಅಂದಳು. "ಬಿತ್ತು," ಅಂದರು ಅವರು. "ಆ ದಿಬ್ಬ ಇನ್ನು ಓಡಾಡಲ್ಲ."

ಮಾಂಸ ಕರಗಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕ ಅದನ್ನು ತೆಳ್ಳಗೆ ಕೊಯ್ದು ಎರಡು ಪಾಲು ಮಾಡಿದರು. ಒಂದನ್ನು ಅವರ ರೀತಿಯಲ್ಲಿ ಬೆಣ್ಣೆ, ಉಪ್ಪು, ಕರಿಮೆಣಸಿನ ಪುಡಿ ಹಾಕಿ ಬಾಡಿಸಿದರು. ಇನ್ನೊಂದನ್ನು ನಾನು ಮಸಾಲೆ ಹಾಕಿ ಬೇಯಿಸಿದೆ. ಅವರ ಬಾಣಲೆಯಿಂದ ಒಂದು ಚೂರು ತೆಗೆದು ನನಗೆ ಕೊಟ್ಟರು. ನಾನು ನನ್ನದರಲ್ಲಿ ಒಂದು ಚೂರನ್ನು ಊದಿ ಅವರಿಗೆ ಕೊಟ್ಟೆ. ಅವರ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಅಂದರು. ಇದ್ದರೂ ಇರಬಹುದು, ಮೆಣಸಿನಕಾಯಿ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು.

ಊಟಕ್ಕೆ ಕೂತಾಗ ಅಕ್ಕ ಯಜಮಾನರ ಕಥೆ ಹೇಳಿದರು. ಒಮ್ಮೆ ಅಟ್ಟಣೆಯಲ್ಲೇ ನಿದ್ದೆ ಹೋಗಿ, ಗೊರಕೆಗೆ ಜಿಂಕೆಯೆಲ್ಲ ಓಡಿಹೋಗಿದ್ದವಂತೆ. ಒಮ್ಮೆ ಗುಂಡು ಹಾಕುವುದನ್ನೇ ಮರೆತು ಬರೀ ಮದ್ದು ಹಾರಿಸಿ, ಹೊಗೆಯಲ್ಲಿ ಜಿಂಕೆ ಬಿತ್ತೆಂದುಕೊಂಡು ಕತ್ತಲಾಗುವವರೆಗೆ ಹುಡುಕಿದ್ದರಂತೆ. ಅಳಿಯಂದಿರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದೆಲ್ಲ ಅಪ್ಪ ಜಿಂಕೆ ತಂದ ವರ್ಷಗಳು ಮಾತ್ರ. ಅವರು ಮತ್ತೆ ಮತ್ತೆ ಕೇಳಿದರು, ಅಕ್ಕ ಮತ್ತೆ ಮತ್ತೆ ಹೇಳಿದರು. ನಾನೂ ಸೋಪಿನ ಬಟ್ಟಲಿನ ವಿಷಯ ಹೇಳಿದೆ, ದೊಡ್ಡವಳು ತಿಳಿಸಿಕೊಟ್ಟಳು. ಅಕ್ಕ ಮೇಜಿನ ಮೇಲಿಂದ ಕೈ ಚಾಚಿ ನನ್ನ ಕೈ ಮೇಲೆ ಇಟ್ಟರು. ಮಸಾಲೆ ಅರೆದ ನನ್ನ ಕೈ ಇನ್ನೂ ಉರಿಯುತ್ತಿತ್ತು.

ಪಾತ್ರೆ ತೊಳೆಯುವಾಗ ನೋಡಿದರೆ ಒರಳಿನಲ್ಲಿ ಒಂದು ಹಿಡಿ ಮಸಾಲೆ ಉಳಿದಿತ್ತು. ಒಂದು ಇಡೀ ಹಂದಿಗೆ ಸಾಕಾಗುವಷ್ಟು ಅರೆದಿದ್ದೆ ಎಂದು ಕಾಣುತ್ತದೆ. ಎಸೆಯಬೇಕೆಂದಿದ್ದೆ. ಅಕ್ಕ ಬಿಡಲಿಲ್ಲ. ಒಂದು ಸಣ್ಣ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಟೇಪು ಅಂಟಿಸಿ, ಕಪ್ಪು ಪೆನ್ನು ತಂದು ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿ ಬರೆಯಲು ಬರುವುದಿಲ್ಲ ಎಂದು ದೊಡ್ಡವಳ ಹತ್ತಿರ ಹೇಳಿಸಿದೆ. ನಿನ್ನ ಅಕ್ಷರದಲ್ಲೇ ಬರಿ ಅಂದರು. ಬಾಡಿನ ಮಸಾಲೆ ಎಂದು ಬರೆದೆ. ಪೊಟ್ಟಣವಿದ್ದ ಜಾಗದಲ್ಲಿ ಅದನ್ನು ಇಟ್ಟು ಫ್ರೀಜರಿನ ಬಾಗಿಲು ಹಾಕಿದರು.

ಬೇಸಿಗೆ ರಜೆಯಲ್ಲಿ ನೀವು ಅಲ್ಲಿಗೆ ಹೋಗುತ್ತೀರಿ, ಐಸ್‌ಕ್ರೀಮ್ ಹುಡುಕಿಕೊಂಡು ಆ ಫ್ರೀಜರನ್ನು ತೆಗೆದೇ ತೆಗೆಯುತ್ತೀರಿ. ಕನ್ನಡ ಬರೆದ ಡಬ್ಬಿ ಕಂಡರೆ ಹೊರಗೆ ತೆಗೆಯಬೇಡಿ. ಅದರ ಮೇಲೆ ಮಂಜು ಕೂತಿದ್ದರೆ ಹೆಬ್ಬೆರಳಿನಿಂದ ಒಂದು ಸಲ ಒರೆಸಿ, ಹಾಗೇ ಇಟ್ಟುಬಿಡಿ.